ಹಕ್ಕಿಗೆ ನೀರೋ, ವಿಷವೋ?

ಬೇಸಿಗೆಯಲ್ಲಿ ಹಕ್ಕಿಗಳಿಗೆಂದು ಗಿಡಕ್ಕೆ ನೀರಿನ ಪಾತ್ರೆ ಕಟ್ಟುವುದು ಒಳ್ಳೆಯದೇ. ಆದರೆ ನಮ್ಮ ಅಥಣಿ, ರಾಯಬಾಗ ಕಡೆ ದ್ರಾಕ್ಷಿ, ಕಬ್ಬಿಗೆ ಹೊಡೆದ ಔಷಧದ ಖಾಲಿ ಡಬ್ಬಿ ಕತ್ತರಿಸಿ ಕಟ್ಟುವುದು ತಪ್ಪು. ನಾನೂ ಕಟ್ಟಿದ್ದೆ. ‘ಅದರಾಗಿನ ನೀರು ನೀ ಕುಡಿತೀ ಏನು?’ ಅಂತ ಅವ್ವ ಕೇಳಿದಳು, ಅಂದೇ ಬಿಚ್ಚಿದೆ. ಎಷ್ಟು ತೊಳೆದರೂ ಪ್ಲಾಸ್ಟಿಕ್ಕಿನಲ್ಲಿ ವಿಷದ ಅಂಶ ಉಳಿಯಬಹುದು. ಇಂಥ ಡಬ್ಬಿ ಮತ್ತೆ ಬಳಸದಂತೆ ಒಡೆದು, ಮನೆಗಳಿಂದ ದೂರ ಹೂಳಬೇಕೆಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ.

ಅಗಲ ಬಾಯಿಯ ಮಣ್ಣಿನ ಪಾತ್ರೆ ಸಾಕು. ದಿನಾ ನೀರು ಬದಲಿಸಿರಿ. ಎರಡು-ಮೂರು ದಿನಕ್ಕೊಮ್ಮೆ ನಾರಿನಿಂದ ಒಳಬದಿ ತಿಕ್ಕಿ ಬಿಸಿಲಿಗೆ ಒಣಗಿಸಿರಿ. ಡೆಂಗಿ ಸೊಳ್ಳೆಯ ಮೊಟ್ಟೆ ಪಾತ್ರೆಯ ಗೋಡೆಗೇ ಅಂಟಿರುತ್ತದೆ, ನೀರು ಚೆಲ್ಲಿದರಷ್ಟೇ ಹೋಗದು. ಸೂರಕ್ಕಿಗೆ ಸಕ್ಕರೆ ನೀರು ಬೇಡ, ಬೇಲಿಗೊಂದು ದಾಸವಾಳ ಹಚ್ಚಿರಿ. ತೊಳೆಯಲು ಪುರಸೊತ್ತಿಲ್ಲ ಅನ್ನುವವರು ಪಾತ್ರೆ ಕಟ್ಟದಿರುವುದೇ ಹಕ್ಕಿಗೆ ಮಾಡುವ ಉಪಕಾರ.