ಮೇಲೇರುವ ನಾಣ್ಯವನ್ನ ತಳ್ಳೋರ್ಯಾರು?

ಮೊನ್ನೆ ಪಿಯುಸಿ ಓದ್ತಿರೋ ಅಕ್ಕನ ಮಗನ ಮುಂದೆ ಒಂದು ನಾಣ್ಯ ಚಿಮ್ಮಿದೆ. "ಕೈ ಬಿಟ್ಟ ಮೇಲೆ, ಮೇಲೇರ್ತಿರುವಾಗ ಇದರ ಮೇಲೆ ಯಾವ್ಯಾವ ಬಲ ಇದೆ ಹೇಳೋ?"

"ಕೈಯ ಬಲ ಮೇಲಕ್ಕೆ, ಗುರುತ್ವ ಕೆಳಕ್ಕೆ. ತುದೀಲಿ ಎರಡೂ ಸಮ ಆಗತ್ತೆ ಮಾಮ, ಅದಕ್ಕೇ ನಿಲ್ಲತ್ತೆ."

ನ್ಯೂಟನ್ನನ ಮೂರೂ ನಿಯಮ ಅವನಿಗೆ ಬಾಯಿಪಾಠ! ನಗೋಣ ಅಂದ್ರೆ, ಇಂಜಿನಿಯರಿಂಗ್ ಸೇರಿದಾಗ ನಾನೂ ಹೀಗೇ ನಂಬಿದ್ದೆ. ಅಮೆರಿಕದ ಜಾನ್ ಕ್ಲೆಮೆಂಟ್ 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ನಾಣ್ಯದ ಪ್ರಶ್ನೆಗೆ ಹೆಚ್ಚಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳು ತಪ್ಪು ಉತ್ತರ ಕೊಟ್ಟಿದ್ದರು, ಪಾಠ ಮುಗಿದ ಮೇಲೂ! ಎಸೆದ ಕೈ ವಸ್ತುವಿನೊಳಗೆ ತಳ್ಳುವ ಶಕ್ತಿಯೊಂದನ್ನ ತುಂಬುತ್ತೆ ಅಂತ 14ನೇ ಶತಮಾನದ ಬುರಿಡಾನನೂ ಹೇಳಿದ್ದ. ದಡ್ಡತನ ಅಲ್ಲ ಇದು. ತಳ್ಳೋದು ಬಿಟ್ಟರೆ ತಳ್ಳುಗಾಡಿ ನಿಲ್ಲೋದನ್ನ ದಿನಾ ನೋಡ್ತೀವಿ, ಅದನ್ನ ನಿಲ್ಲಿಸೋ ಘರ್ಷಣೆ ಕಣ್ಣಿಗೆ ಕಾಣಲ್ಲ.

"ತುದೀಲಿ ಎರಡೂ ಬಲ ಸಮ ಆಗಿ ನಾಣ್ಯ ನಿಂತರೆ, ಮತ್ತೆ ಬೀಳೋದ್ಯಾಕೆ? ಅಲ್ಲೇ ಇರ್ಬೇಕಲ್ವಾ?" ಅಂದೆ. ಸುಮ್ಮನಾದ. ಆಮೇಲೆ, "ಹಾಗಾದ್ರೆ ಗುರುತ್ವ ಒಂದೇನಾ?!"

ಹೌದು, ಗಾಳಿಯ ತಡೆ ಬಿಟ್ಟರೆ ಅದೊಂದೇ. ಚಲಿಸ್ತಾ ಇರೋಕೆ ಬಲ ಬೇಡ, ವೇಗ ಬದಲಾಗೋಕೆ ಬೇಕು.

ನಂಗನ್ಸೋದು ಇಷ್ಟೇ. ಸೂತ್ರ ಕೊಡೋ ಮುಂಚೆ ಮಕ್ಕಳ ಊಹೆ ಕೇಳ್ಬೇಕು. ಇಲ್ಲದಿದ್ರೆ ಸೂತ್ರ ಪರೀಕ್ಷೆಗೆ, ಹಳೇ ನಂಬಿಕೆ ಬದುಕಿಗೆ ಅಂತ ಎರಡೂ ಆರಾಮಾಗಿ ಉಳಿದುಬಿಡ್ತವೆ...

ನಿಮ್ಮ ಮೇಷ್ಟ್ರು ಯಾರಾದ್ರೂ ಹೀಗೆ ಕೇಳಿದ್ರಾ?