ಒಂದು ನಿಮಿಷದ ಹಲಗೆ

ಮಕ್ಕಳೇ, ಅಂತರರಾಷ್ಟ್ರೀಯ ನಿಯಮದಂತೆ ಬ್ಯಾಸ್ಕೆಟ್‌ಬಾಲ್‌ನಲ್ಲಿ ಟೈಮ್‌ಔಟ್ ಎಂದರೆ ಒಂದೇ ನಿಮಿಷ. ಅಷ್ಟರಲ್ಲಿ ಕೋಚ್ ಹಲಗೆಯ ಮೇಲೆ ಗೆರೆ ಎಳೆದು ಆಟ ವಿವರಿಸಬೇಕು. ಹಿಂದೆ ನಿಂತ ಪುಟ್ಟ ಆಟಗಾರ್ತಿಗೆ ಅದು ಕಾಣದಿದ್ದರೆ ಅವಳು ತಪ್ಪು ಜಾಗಕ್ಕೆ ಓಡುತ್ತಾಳೆ. ಬೈಗುಳವೂ ಅವಳಿಗೇ!

ಹಾಗಾದರೆ ಎಂಥ ಹಲಗೆ ಕೊಳ್ಳಬೇಕು? ಅಂಗಡಿಯಲ್ಲೇ ಒಂದು ಗೆರೆ ಎಳೆದು ಒರೆಸಿ ನೋಡಿ. ಕಲೆ ಉಳಿದರೆ ಬೇಡ. ಬಿಸಿಲಿಗೆ ಹಿಡಿಯಿರಿ, ಕಣ್ಣು ಕುಕ್ಕಿದರೂ ಬೇಡ. ಒಂದು ಬದಿ ಪೂರ್ತಿ ಅಂಗಳ, ಇನ್ನೊಂದು ಬದಿ ಅರ್ಧ ಅಂಗಳ ಇದ್ದರೆ ಒಳ್ಳೆಯದು. ಅರ್ಧ ಅಂಗಳದ ಚಿತ್ರ ದೊಡ್ಡದಾಗಿ ಕಾಣುತ್ತದೆ.

ದುಡ್ಡು ಸಾಲದೇ? ಅಜ್ಜನ ಜೊತೆ ಕೂತು ಮನೆಯಲ್ಲೇ ಮಾಡಿ. ನಿಜವಾದ ಅಂಗಳ 28 ಮೀಟರ್ ಉದ್ದ, 15 ಮೀಟರ್ ಅಗಲ. 56 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ದಪ್ಪ ರಟ್ಟು ತೆಗೆದುಕೊಂಡರೆ ಮೀಟರಿಗೆ 2 ಸೆಂ.ಮೀ. ಲೆಕ್ಕ. ಅಜ್ಜಿಯ ಡಬ್ಬಿಯಲ್ಲಿರುವ ಅಂಗಿ ಗುಂಡಿಗಳೇ ಆಟಗಾರರು: ಎರಡು ಬಣ್ಣ, ಐದೈದು. ಬುಟ್ಟಿಯ ಎದುರಿಗೆ ಮೂರು ಅಂಕದ ಗೆರೆ 6.75 ಮೀಟರ್ ದೂರ. ರಟ್ಟಿನ ಮೇಲೆ ಎಷ್ಟಾಯಿತು, ಹೇಳಿ?

ಹಲಗೆ ಕೊಂಡದ್ದಿರಲಿ, ಮಾಡಿದ್ದಿರಲಿ, ಎಲ್ಲರಿಗಿಂತ ಹಿಂದೆ ನಿಂತವಳನ್ನು ಮೊದಲು ಕೇಳಿ: "ನಿನಗೆ ಕಾಣಿಸ್ತಾ?" ಅವಳು ಹೂಂ ಅಂದರೆ ಅದೇ ಒಳ್ಳೆಯ ಹಲಗೆ.

(ಉತ್ತರ: 13.5 ಸೆಂ.ಮೀ.)