ಹೇಳುವ ಬೆಲೆ ಒಂದು, ಕೇಳುವ ಹಣ ಇನ್ನೊಂದು

ಅಂಗಡಿಕಾರನು ಮೊದಲು ಒಂದು ಬೆಲೆಯನ್ನು ಹೇಳಿ, ಗಿರಾಕಿಯು ಹಣದ ಚೀಲವನ್ನು ಬಿಚ್ಚಿದ ಮೇಲೆ ಅದಕ್ಕಿಂತ ಹೆಚ್ಚಿನದನ್ನು ಕೇಳತೊಡಗಿದರೆ, ನಮ್ಮ ಪೇಟೆಗಳಲ್ಲಿ ಅದನ್ನು ವ್ಯಾಪಾರವೆಂದು ಯಾರೂ ಕರೆಯುವದಿಲ್ಲ. ಬೆಳಗಾವಿಯ ಖಡೇಬಜಾರಿನಲ್ಲಿ ಇಂಥ ಪ್ರಸಂಗವು ನಡೆದರೆ ಆಚೀಚೆಯ ನಾಲ್ಕು ಜನರು ಕೂಡಿ ಅಂಗಡಿಕಾರನಿಗೆ ಬುದ್ಧಿ ಹೇಳದೆ ಬಿಡುವದಿಲ್ಲ. ಆದರೆ ಇದೇ ನಡತೆಯು ಅಂತರಜಾಲದ ಅಂಗಡಿಗಳಲ್ಲಿ ನಿತ್ಯದ ರೂಢಿಯಾಗಿ ಬೇರೂರುತ್ತಲಿದೆ. ಅಲ್ಲಿ ಗಿರಾಕಿಯು ಒಂಟಿಯಾಗಿ ತನ್ನ ಮನೆಯಲ್ಲಿ ಕುಳಿತು ವ್ಯವಹರಿಸುವನಾದ್ದರಿಂದ ನ್ಯಾಯ ಹೇಳುವದಕ್ಕೆ ಆ ನಾಲ್ಕು ಜನರು ಇರುವದಿಲ್ಲ. ಹಳೆಯ ನಾಣ್ಯ, ಟಪಾಲ ತಿಕೀಟು, ಚಿತ್ರಪಟ ಮುಂತಾದ ಸಂಗ್ರಹಯೋಗ್ಯ ವಸ್ತುಗಳ ಮಾರಾಟದಲ್ಲಿ ಈ ಕೇಡು ಹೆಚ್ಚು ಅಪಾಯಕಾರಿಯಾಗಿರುವದರಿಂದ, ಅದನ್ನು ಕುರಿತು ಎರಡು ಮಾತು ಹೇಳುವದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಸಂಗ್ರಹದ ಹವ್ಯಾಸವೆಂದರೆ ಶ್ರೀಮಂತರ ವಿಲಾಸವೆಂದು ಕೆಲವರು ತಿಳಿದಿರುವರು. ಇದು ಸರಿಯಲ್ಲ. ಹಿಂದವಾಡಿ, ಟಿಳಕವಾಡಿಗಳಂಥ ಭಾಗಗಳಲ್ಲಿ ವಾಸಿಸುವ ನಿವೃತ್ತ ನೌಕರನಾಗಲಿ ಶಿಕ್ಷಕನಾಗಲಿ ಕಾಲೇಜಿನ ವಿದ್ಯಾರ್ಥಿಯಾಗಲಿ ತನ್ನ ಅಲ್ಪ ಉಳಿತಾಯದಿಂದಲೇ ಈ ಹವ್ಯಾಸವನ್ನು ನಡೆಸಬಲ್ಲನು. 1924ರ ಡಿಸೆಂಬರದಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಸಭೆಯು ಕೂಡಿದ ಊರಿನವರಿಗೆ ಆ ಕಾಲದ ಒಂದು ಲಕ್ಕೋಟೆಯನ್ನೋ ಒಂದು ಬೆಳ್ಳಿಯ ರೂಪಾಯಿಯನ್ನೋ ಕೈಯಲ್ಲಿ ಹಿಡಿಯಬೇಕೆಂಬ ಆಸೆಯು ಸಹಜವಾದದ್ದು. ಅದನ್ನು ಬೆಂಗಳೂರಿನಿಂದಲೋ ಮುಂಬಯಿಯಿಂದಲೋ ಲಂಡನ್ನಿನಿಂದಲೋ ತರಿಸುವ ಅನುಕೂಲವು ಈಗ ಖಾನಾಪುರದಲ್ಲಿರುವವನಿಗೂ ಒದಗಿದೆ. ಅನುಕೂಲವು ಒಳ್ಳೆಯದೇ, ಅದರ ಬೆನ್ನಿಗೆ ಬಂದ ಲೆಕ್ಕವನ್ನು ಮಾತ್ರ ಪರೀಕ್ಷಿಸಬೇಕಾಗಿದೆ.

ಉದಾಹರಣೆಗಾಗಿ ಒಂದು ಲೆಕ್ಕವನ್ನು ಹಾಕಿ ನೋಡೋಣ. ಲಿಲಾವಿನಲ್ಲಿ ಒಂದು ನಾಣ್ಯಕ್ಕೆ 5,000 ರೂಪಾಯಿಯ ಸವಾಲು ನಿಂತಿತೆನ್ನಿರಿ. ಲಿಲಾವಿನವರು ಬಾಯರ್ಸ್ ಪ್ರೀಮಿಯಂ ಎಂದು ಕರೆಯುವ, ಅಂದರೆ ಕೊಳ್ಳುವವನಿಂದ ತೆಗೆದುಕೊಳ್ಳುವ ದಲಾಲಿಯು ಶೇಕಡಾ 15ರಂತೆ 750 ರೂಪಾಯಿ. ಆ ದಲಾಲಿಯ ಮೇಲೆ ಶೇಕಡಾ 18ರ ತೆರಿಗೆ 135 ರೂಪಾಯಿ. ಕಟ್ಟುವ ಮತ್ತು ಕಳಿಸುವ ಖರ್ಚು 250 ರೂಪಾಯಿ. ಇಲ್ಲಿಗೆ 6,135 ಆಯಿತು. ಕ್ರೆಡಿಟ್ ಕಾರ್ಡಿನಿಂದ ಹಣ ಕೊಟ್ಟರೆ ಈ ಮೊತ್ತದ ಮೇಲೆ ಮತ್ತೆ ಶೇಕಡಾ 2 ಎಂದರೆ, ಕೊನೆಯ ಬೇಡಿಕೆಯು 6,257 ರೂಪಾಯಿ 70 ಪೈಸೆ. ವಸ್ತುವಿನ ಮೇಲಿನ ತೆರಿಗೆಯನ್ನು ಹಿಡಿಯದೆಯೇ ಕಾಲು ಪಾಲು ಬೆಲೆ ಏರಿತು! ಪರದೇಶದ ಮಾರಾಟಗಾರನಾದರೆ, ಹಣದ ವಿನಿಮಯಕ್ಕೆಂದು ಕಾರ್ಡಿನ ಬ್ಯಾಂಕು ಸೇರಿಸುವ ಬಾಬೂ ಅದರ ಮೇಲಿನ ತೆರಿಗೆಯೂ ಬೇರೆ. ಅವು ಮಾರಾಟಗಾರನ ಪಾವತಿಯಲ್ಲಿ ಕಾಣಿಸದೆ, ಕಾರ್ಡಿನ ತಿಂಗಳ ಲೆಕ್ಕದಲ್ಲಿ ಪ್ರತ್ಯಕ್ಷವಾಗುವವು.

ಈ ಬಾಬುಗಳಲ್ಲಿ ಒಂದೊಂದಕ್ಕೂ ಕಾರಣವಿರಬಹುದು. ಕೊಳ್ಳುವವನಿಂದ ದಲಾಲಿ ತೆಗೆದುಕೊಳ್ಳುವ ಪದ್ಧತಿಯು ಹೊಸದಲ್ಲ. ಲಂಡನ್ನಿನ ಕ್ರಿಸ್ಟೀಸ್ ಮತ್ತು ಸದಬೀಸ್ ಎಂಬ ಎರಡು ದೊಡ್ಡ ಲಿಲಾವಿನ ಮನೆಗಳು 1975ರಲ್ಲಿಯೇ ಅದನ್ನು ಅಲ್ಲಿ ಆರಂಭಿಸಿದವು. ನಮ್ಮ ಆಕ್ಷೇಪವು ಬಾಬಿನ ಮೇಲಲ್ಲ, ಅದನ್ನು ಮುಚ್ಚಿಡುವದರ ಮೇಲೆ. ಸಾಬೂನು, ಬಿಸ್ಕೀಟುಗಳ ಪೊಟ್ಟಣದ ಮೇಲೆ ಎಲ್ಲ ತೆರಿಗೆಗಳು ಸೇರಿದ ಗರಿಷ್ಠ ಬೆಲೆಯನ್ನು ಅಚ್ಚು ಹಾಕಬೇಕೆಂದು ಕಾಯಿದೆಯಿದೆ. ನೂರು ವರ್ಷದ ಹಿಂದಿನ ನಾಣ್ಯದ ಮೇಲೆ ಅಂಥ ಬೆಲೆಯು ಎಲ್ಲಿಂದ ಬರಬೇಕು? ಅದಕ್ಕೆ ಮಾರಾಟಗಾರನ ಮಾತೇ ಅಳತೆಗೋಲು. ಆ ಅಳತೆಗೋಲೇ ಕೊನೆಯ ಗಳಿಗೆಯಲ್ಲಿ ಉದ್ದವಾಗುವದಾದರೆ, ಎರಡು ಅಂಗಡಿಗಳ ಬೆಲೆಯನ್ನು ಹೋಲಿಸಿ ನೋಡುವ ದಾರಿಯೇ ಗಿರಾಕಿಗೆ ಉಳಿಯುವದಿಲ್ಲ. ಮೊದಲೇ 6,200 ರೂಪಾಯಿಯೆಂದು ನೇರವಾಗಿ ಹೇಳುವ ಪ್ರಾಮಾಣಿಕನು ದುಬಾರಿಯವನಾಗಿ ಕಾಣುವನು. 5,000 ಎಂದು ತೋರಿಸಿ ಅದಕ್ಕಿಂತ ಹೆಚ್ಚು ವಸೂಲು ಮಾಡುವವನು ಅಗ್ಗದವನೆನಿಸುವನು. ಹೀಗೆ ಮುಚ್ಚುಮರೆಯು ಗಿರಾಕಿಗಷ್ಟೇ ಅಲ್ಲ, ಸತ್ಯವಂತನಾದ ವ್ಯಾಪಾರಸ್ಥನಿಗೂ ಹಾನಿಕರವಾಗಿದೆ.

ನಮ್ಮ ಭಾಗದ ರೈತರಿಗೆ ಈ ರೋಗದ ಪರಿಚಯವು ಹಳೆಯದು. ಹಿಂದಿನ ಪೇಟೆಗಳಲ್ಲಿ ದಲಾಲರು ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಧಾರಣೆಯನ್ನು ಗುಟ್ಟಾಗಿ ನಿಶ್ಚಯಿಸುತ್ತಿದ್ದರು; ಅಡತಿ, ಹಮಾಲಿ, ತೂಕದ ಕೂಲಿ, ಧರ್ಮಾದಾಯವೆಂದು ಒಂದೊಂದೇ ಕಡಿತವನ್ನು ಪಟ್ಟಿಯ ಬುಡದಲ್ಲಿ ಬರೆಯುತ್ತಿದ್ದರು. 1928ರಲ್ಲಿ ವರದಿಯನ್ನೊಪ್ಪಿಸಿದ ಕೃಷಿಯ ರಾಯಲ್ ಕಮಿಶನ್ನು ಪೇಟೆಗಳ ಇಂಥ ಅನ್ಯಾಯಗಳನ್ನು ವಿಚಾರಿಸಿ, ಪೇಟೆಗಳನ್ನು ಕಟ್ಟುಪಾಡಿಗೆ ಒಳಪಡಿಸಬೇಕೆಂದು ಹೇಳಿತು. ಬೆಳಗಾವಿಯು ಸೇರಿದ್ದ ಮುಂಬಯಿ ಪ್ರಾಂತದಲ್ಲಿ 1939ರಲ್ಲಿ ಕೃಷಿ ಹುಟ್ಟುವಳಿಗಳ ಪೇಟೆಯ ಕಾಯಿದೆಯು ಬಂದಿತು. ಬಟ್ಟೆಯ ಮರೆಯನ್ನು ಸರಿಸಿ, ಕಡಿತಗಳನ್ನು ಬಹಿರಂಗಪಡಿಸಬೇಕೆಂಬದೇ ಇಂಥ ಸುಧಾರಣೆಯ ತಿರುಳು. ಇಂದು ಬಟ್ಟೆಯ ಬದಲು ಗಾಜಿನ ಪರದೆಯಿದೆ. ಮರೆಯು ಮಾತ್ರ ಹಾಗೆಯೇ ಇದೆ.

ಇನ್ನು ಕಾರ್ಡಿನ ಹೆಚ್ಚುವರಿಯ ವಿಚಾರ. ಗಿರಾಕಿಯು ಕಾರ್ಡಿನಿಂದ ಹಣ ಕೊಟ್ಟಾಗ ಬ್ಯಾಂಕುಗಳೂ ಕಾರ್ಡಿನ ಸಂಸ್ಥೆಯೂ ವ್ಯಾಪಾರಸ್ಥನ ಹಣದಲ್ಲಿ ಒಂದಂಶವನ್ನು ಮುರಿದುಕೊಳ್ಳುವವು. ಡೆಬಿಟ್ ಕಾರ್ಡಿನ ಈ ಮುರಿತಕ್ಕೆ ರಿಝರ್ವ್ ಬ್ಯಾಂಕು 2018ರ ಜನೇವರಿ 1ರಿಂದ ಮಿತಿ ಹಾಕಿತು: ಚಿಕ್ಕ ವ್ಯಾಪಾರಸ್ಥರಿಗೆ ಶೇಕಡಾ 0.40, ಉಳಿದವರಿಗೆ ಶೇಕಡಾ 0.90. ಅದನ್ನು ಗಿರಾಕಿಯ ಮೇಲೆ ಹೊರಿಸದಂತೆ ಬ್ಯಾಂಕುಗಳು ನೋಡಿಕೊಳ್ಳಬೇಕೆಂದೂ ಸೂಚಿಸಿತು. ರುಪೇ ಡೆಬಿಟ್ ಕಾರ್ಡು ಮತ್ತು ಯುಪಿಐಗಳಿಗೆ 2020ರ ಜನೇವರಿ 1ರಿಂದ ಆ ಮುರಿತವೇ ಇಲ್ಲವಾಯಿತು. ಕ್ರೆಡಿಟ್ ಕಾರ್ಡಿಗೆ ಮಾತ್ರ ಇಂಥ ಮಿತಿಯನ್ನು ಹಾಕಿಲ್ಲ. ಈ ಸಂದಿನಲ್ಲಿಯೇ ಹೆಚ್ಚುವರಿಯು ನುಸುಳುತ್ತದೆ.

ವ್ಯಾಪಾರಸ್ಥನ ಪಕ್ಷವನ್ನೂ ನಾವು ಕೇಳಬೇಕು. "ಬ್ಯಾಂಕು ನನ್ನಿಂದ ಮುರಿದುಕೊಂಡದ್ದನ್ನು ನಾನೇಕೆ ಹೊರಲಿ? ಎಲ್ಲ ವಸ್ತುಗಳ ಬೆಲೆಯಲ್ಲಿ ಅದನ್ನು ಸೇರಿಸಿದರೆ, ನಗದು ಕೊಡುವ ಬಡವನು ಕಾರ್ಡಿನ ಧಣಿಯ ಬಹುಮಾನದ ಅಂಕಗಳಿಗೆ ಹಣ ತೆತ್ತಂತಾಗುವದಿಲ್ಲವೇ?" ಎಂದು ಅವನು ಕೇಳಬಹುದು. ಪ್ರಶ್ನೆಯು ಹುರುಳಿಲ್ಲದ್ದಲ್ಲ. ಯುರೋಪಿನ ಒಕ್ಕೂಟವು 2018ರ ಜನೇವರಿ 13ರಿಂದ ಸಾಮಾನ್ಯ ಗ್ರಾಹಕರ ಕಾರ್ಡುಗಳ ಮೇಲಿನ ಹೆಚ್ಚುವರಿಯನ್ನು ನಿಷೇಧಿಸಿತು, ನಿಜ. ಆದರೆ ಅದಕ್ಕೆ ಮೊದಲು, 2015ರ ಕಟ್ಟಳೆಯಿಂದ, ಬ್ಯಾಂಕುಗಳು ತಮ್ಮೊಳಗೆ ಪಡೆಯುವ ಶುಲ್ಕವನ್ನು ಡೆಬಿಟ್ ಕಾರ್ಡಿಗೆ ಶೇಕಡಾ 0.2ಕ್ಕೂ ಕ್ರೆಡಿಟ್ ಕಾರ್ಡಿಗೆ ಶೇಕಡಾ 0.3ಕ್ಕೂ ಇಳಿಸಿತ್ತು. ಬ್ಯಾಂಕನ್ನು ಮುಟ್ಟದೆ ವ್ಯಾಪಾರಸ್ಥನನ್ನಷ್ಟೇ ಕಟ್ಟಿಹಾಕುವದು ಅರ್ಧ ನ್ಯಾಯವಾದೀತು. ಆದರೂ ಮುರಿತಕ್ಕಿಂತ ಹೆಚ್ಚಿನ ಹೆಚ್ಚುವರಿಯನ್ನು ಕೇಳುವವನಿಗೆ ಈ ಸಮರ್ಥನೆಯು ಸಲ್ಲದು. ಕಡೆಯ ಪುಟದವರೆಗೆ ಅದನ್ನು ಬಚ್ಚಿಡುವವನಿಗಂತೂ ಸರ್ವಥಾ ಸಲ್ಲದು.

ಕಾಯಿದೆಯಿಲ್ಲವೆಂದು ಹಲಬುವ ಕಾರಣವೂ ಇಲ್ಲ. 2019ರ ಗ್ರಾಹಕ ಸಂರಕ್ಷಣೆಯ ಕಾಯಿದೆಯ ಕೆಳಗೆ 2020ರ ಜುಲೈಯಲ್ಲಿ ಹೊರಟ ಇ-ವಾಣಿಜ್ಯದ ನಿಯಮಗಳು, ಮಾರಾಟಗಾರನು ಒಟ್ಟು ಬೆಲೆಯನ್ನು ಒಂದೇ ಅಂಕೆಯಲ್ಲಿ ತೋರಿಸಬೇಕು. ಅದರೊಡನೆ ಟಪಾಲು, ರವಾನೆ, ತೆರಿಗೆ ಮುಂತಾದವುಗಳ ವಿವರವನ್ನೂ ಕೊಡಬೇಕೆಂದು ಸ್ಪಷ್ಟವಾಗಿ ವಿಧಿಸಿವೆ. ಭಾರತದ ಗ್ರಾಹಕರಿಗೆ ಕ್ರಮವಾಗಿ ಮಾರುವ ಪರದೇಶದ ಸಂಸ್ಥೆಗಳಿಗೂ ಅವು ಅನ್ವಯಿಸುವವು. 2023ರ ನವೆಂಬರ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಹದಿಮೂರು ಬಗೆಯ ಅಂತರಜಾಲದ ಮೋಸದ ತಂತ್ರಗಳನ್ನು ಹೆಸರಿಸಿ ನಿಷೇಧಿಸಿತು. ಬೆಲೆಯನ್ನು ಹನಿಹನಿಯಾಗಿ ಹೊರಗೆಡಹುವದೂ, ಕೇಳದ ವಸ್ತುವನ್ನು ಬುಟ್ಟಿಯಲ್ಲಿ ಸದ್ದಿಲ್ಲದೆ ತುರುಕುವದೂ ಅದರಲ್ಲಿವೆ. 2025ರ ಜೂನದಲ್ಲಿ ಅದೇ ಪ್ರಾಧಿಕಾರವು, ಮೂರು ತಿಂಗಳಲ್ಲಿ ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿರೆಂದು ಅಂತರಜಾಲದ ವ್ಯಾಪಾರಿಗಳಿಗೆ ಸಲಹೆ ಕೊಟ್ಟಿತು. ಸಲಹೆಯು ಒಳ್ಳೆಯದು. ಆದರೆ ತಕ್ಕಡಿಯನ್ನು ತೂಕದವನ ಕೈಯಿಂದಲೇ ಪರೀಕ್ಷೆ ಮಾಡಿಸುವದರಿಂದ ಎಷ್ಟು ಫಲವಾದೀತೆಂಬದನ್ನು ವಾಚಕರೇ ಊಹಿಸಬಲ್ಲರು.

ಗುಪ್ತ ಶುಲ್ಕಗಳಿಗೆ ಜನರು ಒಗ್ಗಿಹೋದರೆ ಆಗುವ ದೊಡ್ಡ ಅನರ್ಥವು ಇನ್ನೊಂದಿದೆ. ಹಳೆಯ ನೋಟು ನಾಣ್ಯಗಳನ್ನು ಕೊಳ್ಳುವ ಮಾರುವ ನೆಪದಲ್ಲಿ ತನ್ನ ಹೆಸರನ್ನೂ ಚಿಹ್ನೆಯನ್ನೂ ಬಳಸಿ ಶುಲ್ಕ, ದಲಾಲಿ, ತೆರಿಗೆಗಳೆಂದು ಹಣ ಕೇಳುತ್ತಿರುವ ವಂಚಕರ ವಿಷಯದಲ್ಲಿ ರಿಝರ್ವ್ ಬ್ಯಾಂಕು 2021ರ ಆಗಸ್ಟದಲ್ಲಿ ಸಾರ್ವಜನಿಕರನ್ನು ಎಚ್ಚರಿಸಬೇಕಾಯಿತು. ನಿಜವಾದ ವ್ಯಾಪಾರಸ್ಥರೇ ಕೊನೆಯ ಗಳಿಗೆಯಲ್ಲಿ ಹೆಸರಿಲ್ಲದ ಬಾಬುಗಳನ್ನು ಕೇಳುತ್ತಿದ್ದರೆ, ಕಳ್ಳನು ಕೇಳುವ ಬಾಬನ್ನು ಸಾಮಾನ್ಯ ಮನುಷ್ಯನು ಗುರುತಿಸುವದು ಹೇಗೆ? ಸಾಹುಕಾರನ ಮುಚ್ಚುಮರೆಯು ಕಳ್ಳನಿಗೆ ವೇಷವನ್ನು ಒದಗಿಸಿಕೊಡುತ್ತದೆ.

ಆದುದರಿಂದ ಮೂರು ಕಡೆಯಿಂದ ಪ್ರಯತ್ನವಾಗಬೇಕು. ಕ್ರೆಡಿಟ್ ಕಾರ್ಡಿನ ಮುರಿತಕ್ಕೆ ರಿಝರ್ವ್ ಬ್ಯಾಂಕು ಮಿತಿ ಹಾಕಿ, ಹೆಚ್ಚುವರಿಯು ನ್ಯಾಯವೋ ಅನ್ಯಾಯವೋ ಎಂಬದನ್ನು ಸಂದೇಹವಿಲ್ಲದಂತೆ ಸಾರಬೇಕು. ಲಿಲಾವಿನ ಮನೆಯವರು ಪ್ರತಿಯೊಂದು ಸವಾಲಿನ ಪಕ್ಕದಲ್ಲಿ, ದಲಾಲಿ ತೆರಿಗೆಗಳೆಲ್ಲ ಕೂಡಿ ಕೊಡಬೇಕಾದ ಮೊತ್ತವನ್ನು ತೋರಿಸುವಂತೆ ಪ್ರಾಧಿಕಾರವು ಕಡ್ಡಾಯ ಮಾಡಬೇಕು. ಕೂಗಿದ ಸವಾಲನ್ನು ಹಿಂದಕ್ಕೆ ಪಡೆಯುವದು ಸುಲಭವಲ್ಲವಾದ್ದರಿಂದ ಇದು ಇನ್ನೂ ಅಗತ್ಯ. 2019ರ ಕಾಯಿದೆಯ 16ನೆಯ ಕಲಮು, ಗ್ರಾಹಕರ ಸಮೂಹದ ಹಕ್ಕುಗಳಿಗೆ ಧಕ್ಕೆಯಾದ ದೂರುಗಳನ್ನು ವಿಚಾರಿಸಿ ವರದಿ ಮಾಡುವ ಅಧಿಕಾರವನ್ನು ಜಿಲ್ಲಾಧಿಕಾರಿಗಳಿಗೂ ಕೊಟ್ಟಿದೆ. ಈ ಕಲಮನ್ನು ಕಡತದಲ್ಲಿ ಮಲಗಿಸದೆ ಉಪಯೋಗಿಸಬೇಕೆಂದು ನಮ್ಮ ಜಿಲ್ಲೆಯ ಅಧಿಕಾರಿಗಳಲ್ಲಿ ನಮ್ಮ ವಿನಂತಿ.

ಗ್ರಾಹಕನೂ ಕೈಕಟ್ಟಿ ಕುಳಿತಿರಲಾಗದು. ಮೊದಲ ಪುಟದ ಬೆಲೆಯನ್ನೂ ಕೊನೆಯ ಪುಟದ ಬೇಡಿಕೆಯನ್ನೂ ಚಿತ್ರವಾಗಿ ತೆಗೆದಿಟ್ಟುಕೊಳ್ಳಲಿ; 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ತಿಳಿಸಲಿ. ಮಾರಾಟಗಾರನು ಮುಂಬಯಿಯಲ್ಲಿದ್ದರೂ ಹಿಂದವಾಡಿಯ ಗ್ರಾಹಕನು ಮುಂಬಯಿಗೆ ಅಲೆಯಬೇಕಾಗಿಲ್ಲ. ತಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡುವ ಹಕ್ಕನ್ನು ಹೊಸ ಕಾಯಿದೆಯು ಅವನಿಗೆ ಕೊಟ್ಟಿದೆ. ಕೊಟ್ಟ ಹಣವು 5 ಲಕ್ಷ ರೂಪಾಯಿಯನ್ನು ಮೀರದಿದ್ದರೆ ದೂರಿಗೆ ಶುಲ್ಕವೂ ಇಲ್ಲ. ನೂರಿಪ್ಪತ್ತು ರೂಪಾಯಿಗಾಗಿ ಯಾರು ಜಗಳಾಡುವರೆಂದು ಒಬ್ಬೊಬ್ಬರೂ ಸುಮ್ಮನಿರುವದೇ ಈ ವ್ಯವಹಾರದ ಬಂಡವಾಳ. ಆ ಬಂಡವಾಳವನ್ನು ಒದಗಿಸುವದನ್ನು ನಾವು ನಿಲ್ಲಿಸಿದ ದಿನವೇ ಬೆಲೆಯು ಮೊದಲ ಸಾಲಿಗೆ ಬಂದು ನಿಲ್ಲುವದೆಂದು ನಮ್ಮ ನಂಬಿಗೆ.